ಎಂಜಲು ಮುಟ್ಟಲ್ಲ, ಕಾಲು ತೊಳೆಯಲ್ಲ: ದ್ರೌಪದಿ ಇದನ್ನು ದಮಯಂತಿಯಿಂದ ಕಲಿತಳಾ?

ತುಂಗೆ ದಂಡೆ:
ನಮ್ಮೂರಲ್ಲಿ ಈ ಸಲ ಮಳೆ ಕೈಕೊಟ್ಟಿದೆ. ಹಿರಿಯರೆಲ್ಲ ಸೇರಿ ಗುಡಿಯಲ್ಲಿ ವಿರಾಟಪರ್ವ ಓದಿಸುತ್ತಿದ್ದಾರೆ. ಕುಮಾರವ್ಯಾಸನದ್ದೇ. ನಾನೂ ಮೂರು ದಿನದಿಂದ ಹೋಗಿ ಕೂರುತ್ತಿದ್ದೇನೆ. ಓದುವವರ ದನಿ ಚೆನ್ನಾಗಿದೆ, ಅರ್ಥ ಹೇಳುವವರು ಸ್ವಲ್ಪ ಎಳೆಯುತ್ತಾರೆ. ಇರಲಿ.

ಕೇಳುತ್ತಾ ಕೇಳುತ್ತಾ ಮೂಲದಲ್ಲಿ ಏನಿದೆ ನೋಡೋಣ ಅಂತ ಮನೆಗೆ ಬಂದು ವ್ಯಾಸಭಾರತದ ಅನುವಾದ ತೆಗೆದೆ. ಅಜ್ಞಾತವಾಸದಲ್ಲಿ ದ್ರೌಪದಿ ವಿರಾಟರಾಜನ ರಾಣಿ ಸುದೇಷ್ಣೆಯ ಹತ್ತಿರ ಕೆಲಸ ಕೇಳಿಕೊಂಡು ಬರುವ ಜಾಗ. ಮಾಸಿದ ಒಂದೇ ಒಂದು ಕಪ್ಪು ಸೀರೆ, ಕೂದಲನ್ನು ಗಂಟು ಹಾಕಿ ಬಲಗಡೆ ಮರೆಮಾಡಿಕೊಂಡಿದ್ದಾಳೆ. ಬೀದಿಯ ಜನ ಸುತ್ತ ಸೇರಿ ಯಾರಮ್ಮ ನೀನು ಅನ್ನುತ್ತಿದ್ದಾರೆ. ರಾಣಿ ಉಪ್ಪರಿಗೆಯಿಂದ ನೋಡಿ ಕರೆಸುತ್ತಾಳೆ. ಇವಳು ಸೈರಂಧ್ರಿ ಅಂತ ಹೇಳಿಕೊಳ್ಳುತ್ತಾಳೆ. ಎಂಜಲು ಕೊಡಬಾರದು, ಕಾಲು ತೊಳೆಸಬಾರದು ಅನ್ನುತ್ತಾಳೆ.

ಓದಿದ ತಕ್ಷಣ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹಿಂದಕ್ಕೆ ತಿರುಗಿಸಿ ವನಪರ್ವದ ನಳೋಪಾಖ್ಯಾನ ತೆಗೆದೆ. ದಮಯಂತಿ ಚೇದಿ ಪಟ್ಟಣಕ್ಕೆ ಬರುತ್ತಾಳೆ. ಅರ್ಧ ಸೀರೆ, ಕೆದರಿದ ಕೂದಲು, ಹುಚ್ಚಿ ಅಂತ ಮಕ್ಕಳು ಹಿಂದೆ ಬಿದ್ದಿದ್ದಾರೆ. ರಾಜಮಾತೆ ಮೇಲಿನಿಂದ ನೋಡಿ ಕರೆಸುತ್ತಾಳೆ. ದಮಯಂತಿಯೂ ತನ್ನನ್ನು ಸೈರಂಧ್ರಿ ಅನ್ನುತ್ತಾಳೆ. ಎಂಜಲು ತಿನ್ನಲ್ಲ, ಕಾಲು ತೊಳೆಯಲ್ಲ ಅನ್ನುತ್ತಾಳೆ.

ಅದೇ ಉಪ್ಪರಿಗೆ, ಅದೇ ಕೆಲಸ, ಅದೇ ಎರಡು ಮಾತು. ಮತ್ತೆ ಆ ನಳನ ಕಥೆಯನ್ನು ಬೃಹದಶ್ವ ಋಷಿ ಹೇಳಿದ್ದು ಯಾರಿಗೆ? ಕಾಡಲ್ಲಿ ಕೂತಿದ್ದ ಧರ್ಮರಾಯನಿಗೆ. ಹಾಗಾದರೆ ದ್ರೌಪದಿ ಅಲ್ಲೇ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದಳಾ? ನನಗಂತೂ ರಾತ್ರಿ ನಿದ್ದೆ ಬರಲಿಲ್ಲ. ತಿಳಿದವರು ಹೇಳಿ.

ಸುಮ್ನೆ ಓದುವವ:
ಮೊದಲು ಮಳೆ ಬಂತಾ ಹೇಳಿ ಅಕ್ಕ.

ತುಂಗೆ ದಂಡೆ:
ಇನ್ನೂ ಇಲ್ಲ. ಮೋಡ ಬರುತ್ತದೆ, ಮುಂದಕ್ಕೆ ಹೋಗುತ್ತದೆ.

ಗಮಕಿ ಮಗ:
ವಿರಾಟಪರ್ವ ಓದಿಸಿದರೆ ಮಳೆ ಯಾಕೆ ಅಂತ ನಮ್ಮ ತಂದೆಯನ್ನು ಚಿಕ್ಕವನಿದ್ದಾಗ ಕೇಳಿದ್ದೆ. ಪಾಂಡವರು ಎಲ್ಲಿ ಅಡಗಿದ್ದಾರೆ ಅಂತ ಕೌರವರು ತಲೆಕೆಡಿಸಿಕೊಂಡಾಗ ಭೀಷ್ಮ ಒಂದು ಗುರುತು ಹೇಳುತ್ತಾನಲ್ಲ, ಧರ್ಮರಾಯ ಇರುವ ನಾಡಲ್ಲಿ ಮಳೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಹಸುಗಳು ತುಂಬಾ ಇರುತ್ತವೆ ಅಂತ. ಅದಕ್ಕೇ ಅಂತ ಹೇಳಿದ್ದರು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕಥೆ ಹೇಳುವಾಗ ದ್ರೌಪದಿ ಅಲ್ಲಿದ್ದಳು ಅಂತಲೇ ನನ್ನ ಲೆಕ್ಕ. ಅರ್ಜುನ ಅಸ್ತ್ರಕ್ಕೆಂದು ಇಂದ್ರಲೋಕಕ್ಕೆ ಹೋಗಿದ್ದಾನೆ, ಉಳಿದವರೆಲ್ಲ ಕಾಮ್ಯಕ ವನದಲ್ಲಿದ್ದಾರೆ. ಕಥೆ ಮುಗಿಸುವಾಗ ಬೃಹದಶ್ವ ಏನು ಹೇಳುತ್ತಾನೆ? ನಳ ಒಬ್ಬನೇ ಅನುಭವಿಸಿದ, ನಿನಗಾದರೆ ತಮ್ಮಂದಿರೂ ಕೃಷ್ಣೆಯೂ ಜೊತೆಗಿದ್ದಾರೆ ಅಂತ. ಕೃಷ್ಣೆ ಅಂದರೆ ದ್ರೌಪದಿ. ಅವಳು ಎದುರಿಗಿದ್ದಾಗಲೇ ಆಡುವ ಮಾತು ಇದು.

ಹಾನಗಲ್ಲಿನವ:
ವಿರಾಟನಗರ ನಮ್ಮದೇ ರೀ. ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಅನ್ನುವ ಹೆಸರಿನ ಜೊತೆ ವಿರಾಟನಕೋಟೆ, ವಿರಾಟನಗರಿ ಅಂತಲೂ ಇದೆ. ಬಂದರೆ ತೋರಿಸುತ್ತೇನೆ. ತಾರಕೇಶ್ವರ ಗುಡಿಯನ್ನೂ ನೋಡಿಕೊಂಡು ಹೋಗಬಹುದು.

ಹಳೆಹೊತ್ತಿಗೆ:
ಹಾನಗಲ್ಲಿನವರೇ, ಬೇಜಾರಾಗಬೇಡಿ. ವಿರಾಟ ಆಳಿದ ಮತ್ಸ್ಯ ದೇಶ ಅಂದರೆ ಇವತ್ತಿನ ರಾಜಸ್ಥಾನದ ಕಡೆ, ಜೈಪುರದ ಹತ್ತಿರದ ಬೈರಾಟ್ ಅಂತಲೇ ಹೆಚ್ಚಿನವರು ಒಪ್ಪುತ್ತಾರೆ. ನಮ್ಮೂರಲ್ಲೂ ಭೀಮನ ಹೆಜ್ಜೆ ಇದೆ, ಯಾವ ಊರಲ್ಲಿ ಇಲ್ಲ ಹೇಳಿ.

ತುಂಗೆ ದಂಡೆಯವರ ಮಾತಿಗೆ ಒಂದು ತಕರಾರು. ಪುಣೆಯ ಭಂಡಾರಕರ ಸಂಸ್ಥೆಯವರು 1919ರಿಂದ 1966ರವರೆಗೆ ಕೂತು ಎಷ್ಟೋ ಹಸ್ತಪ್ರತಿಗಳನ್ನು ಹೋಲಿಸಿ ಪರಿಷ್ಕೃತ ಪಾಠ ತಂದರಲ್ಲ, ಅದರಲ್ಲಿ ನಳನ ಕಥೆ ಅರಣ್ಯಪರ್ವದ 50ರಿಂದ 78ನೇ ಅಧ್ಯಾಯದವರೆಗಿದೆ. ದ್ರೌಪದಿ ಸುದೇಷ್ಣೆಯರ ಮಾತು ವಿರಾಟಪರ್ವದ 8ನೇ ಅಧ್ಯಾಯ. ಎರಡೂ ಕಡೆ ಸಿಗುವುದು ಬಾಯಿಂದ ಬಾಯಿಗೆ ಬಂದ ಕಥೆಗಳ ಸಿದ್ಧ ಮಾತು. ರಾಣಿಯೊಬ್ಬಳು ಕೆಲಸಕ್ಕೆ ಸೇರುವ ಸನ್ನಿವೇಶ ಬಂದರೆ ಕಥೆ ಹೇಳುವವನ ನಾಲಿಗೆಗೆ ಅದು ತಾನಾಗಿ ಬರುತ್ತದೆ. ಯಾರು ಯಾರಿಂದ ತೆಗೆದುಕೊಂಡರು ಅನ್ನುವ ಪ್ರಶ್ನೆಯೇ ಬರಲ್ಲ. ಪಾತ್ರ ಪಾತ್ರದಿಂದ ಕಲಿಯಿತು ಅನ್ನುವುದು ನಾವು ಹಚ್ಚುವ ಬಣ್ಣ.

ತುಂಗೆ ದಂಡೆ:
ಸಿದ್ಧ ಮಾತು ಅಂತ ಒಪ್ಪಿದೆ ಸರ್. ಆದರೆ ಕೇಳುವವರು ಮೊದಲು ನಳನ ಕಥೆ ಕೇಳುತ್ತಾರೆ, ಆಮೇಲೆ ಸೈರಂಧ್ರಿ ಕಥೆ. ಎರಡನೆಯದು ಬಂದಾಗ ಮೊದಲನೆಯದು ನೆನಪಿಗೆ ಬರದೇ ಇರುತ್ತದಾ?

ಇನ್ನೊಂದು ನೋಡಿ. ಕಥೆ ಮುಗಿದ ಮೇಲೆ ಧರ್ಮರಾಯ ಬೃಹದಶ್ವನಿಂದ ಅಕ್ಷಹೃದಯ ಕಲಿಯುತ್ತಾನೆ, ಅಂದರೆ ಪಗಡೆಯ ಗುಟ್ಟು. ಅದೇ ವಿದ್ಯೆ ಇಟ್ಟುಕೊಂಡು ವಿರಾಟನ ಆಸ್ಥಾನದಲ್ಲಿ ಕಂಕ ಆಗುತ್ತಾನೆ, ರಾಜನ ಜೊತೆ ಜೂಜಾಡುವ ಕೆಲಸ. ಅವನು ಆ ಕಥೆಯಿಂದ ಕಲಿತ ಅಂತ ಭಾರತವೇ ಹೇಳುತ್ತದೆ. ಅದೇ ಕಥೆಯಿಂದ ಹೆಂಡತಿಯೂ ಒಂದು ಕಲಿತಳು ಅಂದರೆ ಮಾತ್ರ ಬಣ್ಣ ಹಚ್ಚಿದ ಹಾಗಾ?

ಸುಮ್ನೆ ಓದುವವ:
ಹೆಂಡತಿಯನ್ನು ಪಣಕ್ಕಿಟ್ಟು ಸೋತವನು ಜೂಜುಗಾರನ ಕಥೆ ಕೇಳಿ ಕಲಿತದ್ದು ಏನು? ಇನ್ನೂ ಚೆನ್ನಾಗಿ ಜೂಜಾಡುವುದು. ಭಲೇ.

ಹಳೆಹೊತ್ತಿಗೆ:
ತುಂಗೆ ದಂಡೆಯವರೇ, ಅರ್ಧ ಸೋತೆ. ಧರ್ಮರಾಯನ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ಬರೆದವನ ಮನಸ್ಸಲ್ಲಿ ಹಾಗಿತ್ತು ಅಂತ ಸಾಧಿಸಲು ಆಗಲ್ಲ. ಓದುವವರು ಜೋಡಿಸಿಕೊಳ್ಳಬಹುದು, ಅಷ್ಟೇ.

ಬೀದಿಮರ:
ಒಂದು ಮೂಲಭೂತ ಪ್ರಶ್ನೆ. ಸೈರಂಧ್ರಿ ಅಂದರೆ ದಾಸಿ ಅಲ್ವಾ? ದಾಸಿ ಷರತ್ತು ಹಾಕುವುದು ಹೇಗೆ?

ಗಮಕಿ ಮಗ:
ಅಲ್ಲ, ಇಲ್ಲೇ ಇರುವುದು ಸ್ವಾರಸ್ಯ. ಕೂದಲು ಕಟ್ಟುವುದು, ಗಂಧ ಅರೆಯುವುದು, ಹೂ ಕಟ್ಟುವುದು ಇಂಥ ಕೈಕೆಲಸ ಗೊತ್ತಿದ್ದು, ಬೇರೆಯವರ ಮನೆಯಲ್ಲಿದ್ದು ದುಡಿಯುವ ಹೆಂಗಸು ಸೈರಂಧ್ರಿ. ಕೊಂಡು ತಂದವಳಲ್ಲ. ಬೇಡ ಅನ್ನಿಸಿದರೆ ಎದ್ದು ಹೋಗಬಹುದು.

ಅಜ್ಞಾತವಾಸದ ಲೆಕ್ಕಾಚಾರ ಹಾಕುವಾಗ ಧರ್ಮರಾಯನಿಗೆ ಇವಳದ್ದೇ ಚಿಂತೆ. ಇವಳಿಗೆ ಹೂವು, ಒಡವೆ, ಗಂಧ, ಬಟ್ಟೆ ಬಿಟ್ಟು ಬೇರೇನೂ ಗೊತ್ತಿಲ್ಲವಲ್ಲ, ಇವಳೇನು ಕೆಲಸ ಮಾಡುತ್ತಾಳೆ ಅಂತ. ಆಗ ಅವಳೇ ಹೇಳುವುದು, ಯಾರ ಆಸರೆಯೂ ಇಲ್ಲದೆ ಹೀಗೆ ದುಡಿಯುವ ಸೈರಂಧ್ರಿಯರು ಲೋಕದಲ್ಲಿದ್ದಾರೆ, ನಾನು ಅದಾಗುತ್ತೇನೆ ಅಂತ. ಆ ಹೆಸರು ಅವಳೇ ಆರಿಸಿಕೊಂಡದ್ದು, ಯಾರೂ ಕೊಟ್ಟದ್ದಲ್ಲ.

ಈಗ ಹನ್ನೆರಡು ವರ್ಷ ಹಿಂದಕ್ಕೆ ಹೋಗಿ. ಹಸ್ತಿನಾವತಿಯ ಸಭೆಯಲ್ಲಿ ಕೂದಲು ಹಿಡಿದು ಎಳೆದು ತಂದು ಏನಂತ ಕೂಗಿದರು? ದಾಸಿ, ದಾಸಿ ಅಂತ. ಆ ಹೆಂಗಸು ಈಗ ಹೊಟ್ಟೆಪಾಡಿಗೆ ಇನ್ನೊಬ್ಬ ರಾಣಿಯ ಕೂದಲು ಕಟ್ಟಲು ಹೋಗುತ್ತಿದ್ದಾಳೆ. ಆದರೆ ದಾಸಿಯಾಗಿ ಅಲ್ಲ. ಬಾಗಿಲಲ್ಲೇ ನಿಂತು, ಇದು ಮಾಡುತ್ತೇನೆ, ಇದು ಮಾಡಲ್ಲ ಅಂತ ಹೇಳಿ ಒಳಗೆ ಕಾಲಿಡುತ್ತಾಳೆ.

ಬೀದಿಮರ:
ಹಾಗಾದರೆ ಚಂದ್ರಮತಿ? ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಅವಳನ್ನು ಕಾಶಿಯಲ್ಲಿ ಮಾರಿಬಿಡುತ್ತಾರಲ್ಲ.

ಗಮಕಿ ಮಗ:
ಹೌದು, ಅವಳು ನಿಜವಾಗಿ ದಾಸಿ. ಗಂಡನೇ ಮಾರಿದ. ಲೋಹಿತಾಶ್ವ ಹಾವು ಕಚ್ಚಿ ಸತ್ತಾಗಲೂ ಕೆಲಸ ಮುಗಿಸಿಯೇ ಮಗನನ್ನು ನೋಡಲು ಹೋಗಬೇಕು. ಸುಡಗಾಡಿನಲ್ಲಿ ಗಂಡನೇ ಸುಂಕ ಕೇಳುತ್ತಾನೆ. ಷರತ್ತು ಹಾಕುವ ಜಾಗವೇ ಅವಳಿಗಿಲ್ಲ. ಆ ಭಾಗ ಓದುವಾಗ ನಮ್ಮ ತಂದೆಯ ಗಂಟಲು ಕಟ್ಟುತ್ತಿತ್ತು, ನೀರು ಕುಡಿದು ಮುಂದುವರಿಸುತ್ತಿದ್ದರು.

ಜಯನಗರದ ಜೋಡಿ:
ಎಲ್ಲ ಸರಿ, ಸೀತೆಯ ಹೆಸರೇ ಬರಲಿಲ್ಲ. ವನವಾಸ, ಅಪವಾದ, ಮತ್ತೆ ವನವಾಸ. ಇವರೆಲ್ಲರಿಗಿಂತ ಜಾಸ್ತಿ ಅನುಭವಿಸಿದವಳು ಅವಳು.

ಸುಮ್ನೆ ಓದುವವ:
ಶುರುವಾಯಿತು. ಕಷ್ಟದಲ್ಲಿ ಯಾರಿಗೆ ಮೊದಲ ಬಹುಮಾನ ಅಂತ ಬೇರೆ ಎಳೆ ತೆರೆಯಿರಿ ಸ್ವಾಮಿ.

ಸಂಜೆಮಲ್ಲಿಗೆ:
ನಾನು ಇಲ್ಲಿ ಬರೆಯುವುದು ಕಡಿಮೆ. ಆದರೆ ಆ ಎರಡು ಷರತ್ತು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮಮ್ಮ ಇಪ್ಪತ್ತೆರಡು ವರ್ಷ ಬೆಂಗಳೂರಲ್ಲಿ ಮನೆಗೆಲಸ ಮಾಡಿದಳು. ಹೊಸ ಮನೆ ಹಿಡಿಯುವಾಗ ಎರಡೇ ಮಾತು ಹೇಳುತ್ತಿದ್ದಳು. ತಂಗಳು ಕೊಡಬೇಡಿ, ಬಚ್ಚಲು ತೊಳೆಯಲ್ಲ. ಸಂಬಳದ ಮಾತು ಅದಾದ ಮೇಲೆ. ನನಗೆ ಚಿಕ್ಕಂದಿನಲ್ಲಿ ಅರ್ಥ ಆಗುತ್ತಿರಲಿಲ್ಲ. ತಂಗಳಾದರೇನಮ್ಮ, ಫ್ರಿಜ್ಜಿನಲ್ಲಿಟ್ಟ ಪಲಾವ್ ಅಲ್ವಾ, ತಂದರೆ ನಾವೂ ತಿನ್ನಬಹುದಲ್ಲ ಅಂತಿದ್ದೆ. ಒಂದು ಸಲ ಬೈದಳು. ಇವತ್ತು ಫ್ರಿಜ್ಜಿನದು ಕೊಡ್ತಾರೆ, ನೀನು ತಗೋತೀಯ. ನಾಳೆ ತಟ್ಟೇಲಿ ಉಳಿದದ್ದು ಕೊಡ್ತಾರೆ, ಆಗ ಹೆಂಗೆ ಬೇಡ ಅಂತೀಯ ಅಂದಳು.

ಒಂದು ಮನೆಯಲ್ಲಿ ಒಪ್ಪಿಕೊಂಡು ಸೇರಿಸಿಕೊಂಡರು. ಮೂರನೇ ತಿಂಗಳು ಹಬ್ಬದ ಮಾರನೇ ದಿನ ಮಕ್ಕಳು ಕಚ್ಚಿ ಬಿಟ್ಟ ಹೋಳಿಗೆಯನ್ನು ಕವರಿಗೆ ಹಾಕಿಕೊಟ್ಟರು. ಅಮ್ಮ ಆ ಕವರನ್ನು ಅವರ ಗೇಟಿನ ಮೇಲೆ ನೇತುಹಾಕಿ ಬಂದಳು. ಮತ್ತೆ ಹೋಗಲಿಲ್ಲ. ಆ ತಿಂಗಳ ಸಂಬಳವೂ ಬರಲಿಲ್ಲ.

ಎಂಜಲು, ಕಾಲು. ಯಾವ ಕಾಲದ ಕಥೆ ಇದು! ಹೆಂಗಸರು ಬೇರೆಯವರ ಮನೆಯ ಬಾಗಿಲಲ್ಲಿ ನಿಂತು ಇನ್ನೂ ಅದನ್ನೇ ಹೇಳುತ್ತಿದ್ದಾರಲ್ಲ.

ತುಂಗೆ ದಂಡೆ:
ಸಂಜೆಮಲ್ಲಿಗೆ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇದನ್ನು ಓದಿ ಮತ್ತೆ ಪುಸ್ತಕ ತೆಗೆದೆ.

ಹಳೆಹೊತ್ತಿಗೆ:
ನಾನೂ ತೆಗೆದೆ. ನಿನ್ನೆ ಸಿದ್ಧ ಮಾತು ಅಂತ ತಳ್ಳಿಹಾಕಿದ್ದೆ. ಈಗ ಎರಡನ್ನೂ ಸಾಲು ಸಾಲಾಗಿ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ಥರ ಇಲ್ಲ. ವ್ಯತ್ಯಾಸ ಇದೆ. ಅದು ಸಣ್ಣದೂ ಅಲ್ಲ.

ದಮಯಂತಿ ರಾಜಮಾತೆಗೆ ಹೇಳುವುದು ಹೀಗೆ. ಎಂಜಲು ತಿನ್ನಲ್ಲ. ಕಾಲು ತೊಳೆಯಲ್ಲ. ಪರಪುರುಷರ ಜೊತೆ ಮಾತಾಡಲ್ಲ. ಯಾರಾದರೂ ನನ್ನನ್ನು ಬಯಸಿ ಬಂದರೆ ಅವನನ್ನು ನೀನು ದಂಡಿಸಬೇಕು. ಗಂಡನನ್ನು ಹುಡುಕಿಸುವುದಕ್ಕೆ ಮಾತ್ರ ಬ್ರಾಹ್ಮಣರನ್ನು ನೋಡುತ್ತೇನೆ. ಇದಕ್ಕೆ ಒಪ್ಪಿದರೆ ಇರುತ್ತೇನೆ, ಇಲ್ಲದಿದ್ದರೆ ಇಲ್ಲ. ರಾಜಮಾತೆ ಸಂತೋಷದಿಂದ, ಇದೆಲ್ಲವನ್ನೂ ಮಾಡುತ್ತೇನೆ ಅನ್ನುತ್ತಾಳೆ. ಮಗಳು ಸುನಂದೆಗೆ ಗೆಳತಿಯಾಗಿ ಕೊಡುತ್ತಾಳೆ. ದಮಯಂತಿ ಅಲ್ಲಿದ್ದಷ್ಟು ದಿನ ಯಾರೂ ಅವಳ ತಂಟೆಗೆ ಬರಲ್ಲ.

ದ್ರೌಪದಿ ಹೇಳುವುದು ಬೇರೆ. ಎಂಜಲು ಕೊಡದ, ಕಾಲು ತೊಳೆಸದ ಮನೆ ನನ್ನ ಗಂಧರ್ವ ಗಂಡಂದಿರಿಗೆ ಇಷ್ಟ. ನನ್ನನ್ನು ಸಾಮಾನ್ಯ ಹೆಂಗಸು ಅಂದುಕೊಂಡು ಆಸೆಪಟ್ಟವನು ಅದೇ ರಾತ್ರಿ ಬೇರೆ ದೇಹಕ್ಕೆ ಹೋಗುತ್ತಾನೆ. ಅಂದರೆ ಸಾಯುತ್ತಾನೆ. ಇದಕ್ಕೆ ಸುದೇಷ್ಣೆಯ ಉತ್ತರ ಗಮನಿಸಿ. ನೀನು ಬಯಸಿದ ಹಾಗೆಯೇ ಇಟ್ಟುಕೊಳ್ಳುತ್ತೇನೆ, ಕಾಲನ್ನಾಗಲಿ ಎಂಜಲನ್ನಾಗಲಿ ನೀನು ಮುಟ್ಟಬೇಕಾಗಿಲ್ಲ ಅನ್ನುತ್ತಾಳೆ.

ಅಷ್ಟೇ. ಗಂಡಸಿನ ವಿಷಯದಲ್ಲಿ ರಾಣಿ ಒಂದೇ ಒಂದು ಮಾತು ಕೊಡಲ್ಲ.

ಸುಮ್ನೆ ಓದುವವ:
ಅಯ್ಯೋ.

ಬೀದಿಮರ:
ಒಂದು ನಿಮಿಷ. ದಮಯಂತಿ ಆ ಜವಾಬ್ದಾರಿಯನ್ನು ಯಜಮಾನಿಯ ಮೇಲೆ ಹೊರಿಸಿದಳು. ದ್ರೌಪದಿ ಅದನ್ನು ತನ್ನ ಗಂಡಂದಿರ ಮೇಲೇ ಇಟ್ಟುಕೊಂಡಳು. ಹೀಗಾ?

ಹಳೆಹೊತ್ತಿಗೆ:
ಹಾಗೇ. ಯಾಕೆ ಅಂತ ಯೋಚಿಸಿದರೆ ಅರ್ಥ ಆಗುತ್ತದೆ. ದಮಯಂತಿಯ ಗಂಡ ಕಾಡಲ್ಲಿ ಅರ್ಧ ಸೀರೆ ಹರಿದುಕೊಂಡು ಬಿಟ್ಟು ಹೋದವನು. ಅವಳಿಗೆ ಗಂಡನ ಬಲ ಇಲ್ಲ, ಆದ್ದರಿಂದ ಕೆಲಸ ಕೊಟ್ಟವಳನ್ನೇ ಹೊಣೆ ಮಾಡಬೇಕಾಯಿತು. ದ್ರೌಪದಿಗೆ ಐದು ಜನ ಅದೇ ಅರಮನೆಯಲ್ಲಿದ್ದಾರೆ. ಇದ್ದಾರಲ್ಲ ಅಂತ ಧೈರ್ಯ. ಆದರೆ ಅವರು ಕೈ ಎತ್ತಿದರೆ ಗುಟ್ಟು ಬಯಲು, ಮತ್ತೆ ಹನ್ನೆರಡು ವರ್ಷ ಕಾಡು. ಅವಳು ನಂಬಿಕೊಂಡ ಬೇಲಿಗೇ ಬಾಯಿಗೆ ಬೀಗ.

ಗಮಕಿ ಮಗ:
ಸುದೇಷ್ಣೆ ಮೊದಲೇ ಭಯಪಟ್ಟಿದ್ದಳು ಅನ್ನುವುದನ್ನೂ ಸೇರಿಸಿಕೊಳ್ಳಿ. ನಿನ್ನಂಥವಳನ್ನು ಒಳಗೆ ಸೇರಿಸಿದರೆ ರಾಜ ನಿನ್ನ ಹಿಂದೆ ಹೋಗುತ್ತಾನೆ, ಏಡಿ ತನ್ನ ಸಾವಿಗೇ ಗರ್ಭ ಧರಿಸಿದ ಹಾಗೆ ಆಗುತ್ತದೆ ಅನ್ನುತ್ತಾಳೆ. ತನ್ನ ಗಂಡನ ಬಗ್ಗೆ ಚಿಂತೆ ಇತ್ತು, ದ್ರೌಪದಿಯ ಮೇಲೆ ಕಣ್ಣು ಹಾಕಿದ ತಮ್ಮ ಕೀಚಕನ ಬಗ್ಗೆ ಇರಲಿಲ್ಲ.

ಕೊನೆಗೆ ಕೀಚಕನ ಕೈಗೆ ಕೊಟ್ಟದ್ದೂ ಅವಳೇ. ಹಬ್ಬದ ದಿನ ಕಳ್ಳು, ಊಟ ಸಿದ್ಧ ಮಾಡಿಡು, ತರಲು ಇವಳನ್ನು ಕಳಿಸುತ್ತೇನೆ ಅಂತ ತಮ್ಮನಿಗೆ ಹೇಳಿಕೊಡುತ್ತಾಳೆ. ದ್ರೌಪದಿ ನಾನು ಹೋಗಲ್ಲ, ನಿನಗೆ ಬೇರೆ ಎಷ್ಟೋ ಜನ ಆಳುಗಳಿದ್ದಾರಲ್ಲ, ಯಾರನ್ನಾದರೂ ಕಳಿಸು ಅನ್ನುತ್ತಾಳೆ. ನಾನು ಕಳಿಸಿದವಳನ್ನು ಅವನು ಏನೂ ಮಾಡಲ್ಲ ಅಂತ ಹೇಳಿ, ಮುಚ್ಚಳವಿರುವ ಚಿನ್ನದ ಪಾತ್ರೆ ಕೈಗಿಡುತ್ತಾಳೆ.

ಕಡಲತಡಿ:
ನಾನು ನೋಡಿದ ಕೀಚಕವಧೆಯ ಯಕ್ಷಗಾನ ಆಟಗಳಲ್ಲಿ ಈ ಪಾತ್ರೆ ಕೊಡುವ ದೃಶ್ಯ ಬೇಗ ಮುಗಿದುಹೋಗುತ್ತದೆ. ಜನ ಕಾಯುವುದು ಕೀಚಕನ ಒನಪಿಗೆ, ಆಮೇಲೆ ವಲಲನ, ಅಂದರೆ ಅಡುಗೆಯವನ ವೇಷದ ಭೀಮನ ಅಬ್ಬರಕ್ಕೆ. ತಾಳಮದ್ದಳೆಯಲ್ಲಿ ಒಳ್ಳೆ ಅರ್ಥಧಾರಿ ಸಿಕ್ಕರೆ ಮಾತ್ರ ಸುದೇಷ್ಣೆ ಸೈರಂಧ್ರಿಯರ ಮಾತು ಬೆಳೆಯುತ್ತದೆ. ಒಮ್ಮೆ ಸೈರಂಧ್ರಿಯ ಅರ್ಥ ಹೇಳಿದವರು ಒಂದೇ ಪ್ರಶ್ನೆ ಕೇಳಿದರು. ಅಮ್ಮಾ, ನೀನು ನನ್ನನ್ನು ಕಳಿಸುತ್ತಿರುವುದು ಪಾತ್ರೆ ತುಂಬಿಸುವುದಕ್ಕಾ, ಖಾಲಿ ಮಾಡುವುದಕ್ಕಾ ಅಂತ. ಎದುರಿನ ಸುದೇಷ್ಣೆಗೆ ಎರಡು ಕ್ಷಣ ಉತ್ತರ ಬರಲಿಲ್ಲ. ಅದು ಆ ರಾತ್ರಿಯ ಮಾತು, ಪ್ರಸಂಗದ ಪುಸ್ತಕದಲ್ಲಿ ಇರುವುದಲ್ಲ.

ತುಂಗೆ ದಂಡೆ:
ಅಬ್ಬಾ, ಎಂಥ ಮಾತು.

ಸಭೆಯ ಭಾಗ ನನಗೆ ಇವತ್ತಿಗೂ ಓದಲು ಕಷ್ಟ. ಕೀಚಕನ ಕೈ ತಪ್ಪಿಸಿಕೊಂಡು ರಾಜನೆದುರಿಗೆ ಓಡಿಬರುತ್ತಾಳೆ. ಅಲ್ಲಿಯೇ ಕೂದಲು ಹಿಡಿದು ಬೀಳಿಸಿ ಒದೆಯುತ್ತಾನೆ. ಭೀಮ ಹಲ್ಲು ಕಡಿಯುತ್ತಾನೆ, ಅಣ್ಣ ಧರ್ಮರಾಯ ತನ್ನ ಹೆಬ್ಬೆರಳಿನಿಂದ ಅವನ ಹೆಬ್ಬೆರಳು ಒತ್ತಿ ಸುಮ್ಮನಾಗಿಸುತ್ತಾನೆ. ಎರಡನೇ ಸಲ, ಎರಡನೇ ಸಭೆ. ಮೊದಲನೆಯದರಲ್ಲೂ ಅದೇ ಗಂಡಂದಿರು ಕೂತಿದ್ದರು.

ಅವಳು ನ್ಯಾಯ ಕೇಳಿದರೆ ವಿರಾಟ ಏನು ಹೇಳುತ್ತಾನೆ ಗೊತ್ತಾ? ನನ್ನ ಬೆನ್ನ ಹಿಂದೆ ನಿಮ್ಮಿಬ್ಬರಿಗೆ ಏನು ಜಗಳವಾಯಿತೋ ನನಗೆ ತಿಳಿಯದು, ವಿಷಯ ತಿಳಿಯದೆ ಏನಂತ ಹೇಳಲಿ ಅಂತ. ಒದ್ದದ್ದು ಕಣ್ಣೆದುರಿಗೇ.

ಸಂಜೆಮಲ್ಲಿಗೆ:
ಎರಡೂ ಕಡೆಯವರ ಮಾತು ಕೇಳಬೇಕಲ್ಲ ಅನ್ನುತ್ತಾರೆ ನೋಡಿ, ಅದೇ. ನಾನು ಈಗ ಕೆಲಸ ಮಾಡುವ ಕಡೆಯೂ ಒಬ್ಬಳು ದೂರು ಕೊಟ್ಟಾಗ ಇದೇ ಆಯಿತು. ಮೇಲಿನವರು ನೋಡಿರಲಿಲ್ಲ ಅಂದರು. ಅದೇ ಕೋಣೆಯಲ್ಲಿ ಕೂತಿದ್ದರು.

ಜಯನಗರದ ಜೋಡಿ:
ಧರ್ಮರಾಯನನ್ನು ಅಷ್ಟು ಸುಲಭವಾಗಿ ಬೈಯಬೇಡಿ. ಅವನಿಗೂ ಎದೆಯೊಳಗೆ ಬೆಂಕಿ ಇತ್ತು. ಹಣೆಯಲ್ಲಿ ಬೆವರು ಬಂತು ಅಂತ ಇದೆ. ಜಯದ್ರಥ ಅವಳನ್ನು ಎಳೆದೊಯ್ದ ಮೇಲೆ ಮಾರ್ಕಂಡೇಯನ ಹತ್ತಿರ ಏನು ಹೇಳುತ್ತಾನೆ? ನನಗಾಗಿ ದುಃಖವಿಲ್ಲ, ತಮ್ಮಂದಿರಿಗಾಗಿಯೂ ರಾಜ್ಯಕ್ಕಾಗಿಯೂ ಅಷ್ಟಿಲ್ಲ, ಈ ದ್ರುಪದನ ಮಗಳಿಗಾಗಿ ಇರುವಷ್ಟು ಅಂತ. ಸಾವಿತ್ರಿಯ ಕಥೆ ಬರುವುದೇ ಆ ಮಾತಿನಿಂದ.

ತುಂಗೆ ದಂಡೆ:
ಆ ಮಾತು ನನಗೂ ಇಷ್ಟ. ಸುಳ್ಳು ಅಂತ ಹೇಳುತ್ತಿಲ್ಲ. ಆದರೆ ಅದೇ ಬಾಯಿಂದ ಸಭೆಯಲ್ಲಿ ಬಂದದ್ದು ನೋಡಿ. ಹೊತ್ತು ಗೊತ್ತು ತಿಳಿಯದವಳು ನೀನು ಸೈರಂಧ್ರಿ, ನಾಟಕದವಳ ಹಾಗೆ ಓಡಾಡುತ್ತಿದ್ದೀಯ, ಇಲ್ಲಿ ಪಗಡೆ ಆಡುತ್ತಿರುವವರಿಗೆ ಅಡ್ಡಿಯಾಗುತ್ತಿದೆ ಅಂತ.

ವೇಷ ಬಯಲಾಗಬಾರದು ಅಂತ ಹೇಳಿದ್ದು, ಒಪ್ಪಿದೆ. ಅವಳ ತಿರುಗೇಟು ಕೇಳಿ. ನಾನು ಯಾರಿಗಾಗಿ ನಡತೆ ಕಾಯ್ದುಕೊಂಡಿದ್ದೇನೋ ಅವರು ಬಹಳ ಕರುಣೆಯುಳ್ಳವರು, ಅವರ ಹಿರಿಯ ಜೂಜುಗಾರ ಅನ್ನುತ್ತಾಳೆ. ಇಡೀ ಸಭೆಯಲ್ಲಿ ಆ ಮಾತು ಅರ್ಥವಾಗುವುದು ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬನ ಕೈಯಲ್ಲಿ ದಾಳ ಇದೆ.

ಸುಮ್ನೆ ಓದುವವ:
ನಿನ್ನೆ ನಾನು ಜೂಜಿನ ಬಗ್ಗೆ ತಮಾಷೆ ಮಾಡಿದ್ದೆ. ಅವಳೇ ಮೊದಲು ಮಾಡಿದ್ದಾಳೆ ಅಂತಾಯಿತು.

ಬೀದಿಮರ:
ಸುದೇಷ್ಣೆಯನ್ನು ಪೂರ್ತಿ ಖಳನಾಯಕಿ ಮಾಡಬೇಡಿ. ಒದೆ ತಿಂದು ಬಂದವಳನ್ನು ನೋಡಿ, ನೀನು ಹೇಳಿದರೆ ಕೀಚಕನನ್ನು ಕೊಲ್ಲಿಸುತ್ತೇನೆ ಅಂತ ಅವಳು ಹೇಳುತ್ತಾಳೆ. ನಾನು ಈಗತಾನೆ ಓದಿದೆ.

ಹಳೆಹೊತ್ತಿಗೆ:
ಹೇಳುತ್ತಾಳೆ, ನಿಜ. ದ್ರೌಪದಿಯ ಉತ್ತರವೂ ಅಲ್ಲೇ ಇದೆ. ಅವನು ಯಾರಿಗೆ ತಪ್ಪು ಮಾಡಿದ್ದಾನೋ ಅವರೇ ಕೊಲ್ಲುತ್ತಾರೆ, ಇವತ್ತೇ ಪರಲೋಕಕ್ಕೆ ಹೋಗುತ್ತಾನೆ ಅಂತ. ಆ ಹೊತ್ತಿಗೆ ರಾಣಿಯ ಮಾತಿಗೆ ಅವಳ ಹತ್ತಿರ ಬೆಲೆ ಇರಲಿಲ್ಲ. ಪಾತ್ರೆ ಕೊಟ್ಟ ಕೈ ಅಲ್ವಾ.

ಗಮಕಿ ಮಗ:
ಅಡುಗೆಮನೆಯ ರಾತ್ರಿಯ ಬಗ್ಗೆ ಯಾರೂ ಹೇಳಲಿಲ್ಲ. ಕುಮಾರವ್ಯಾಸನಲ್ಲಿ ಅದು ಬೇರೆಯೇ ಎತ್ತರ. ಐದು ಜನ ಗಂಡಂದಿರಿದ್ದು ಒಬ್ಬಳನ್ನು ಕಾಯಲಾರಿರಾ ಅಂತ ಭೀಮನನ್ನು ಚುಚ್ಚುವ ಜಾಗ ಬಂದರೆ ಗುಡಿಯಲ್ಲಿ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಗಂಡಸರು ಕಂಬ ನೋಡುತ್ತಿದ್ದರು.

ವ್ಯಾಸನಲ್ಲಿ ನನಗೆ ಹಿಡಿಸುವುದು ಇನ್ನೊಂದು. ಅವಳು ಭೀಮನಿಗೆ ತನ್ನ ಅಂಗೈ ತೋರಿಸುತ್ತಾಳೆ. ವಿರಾಟನಿಗೆ ಗಂಧ ಅರೆದು ಅರೆದು ಜಡ್ಡುಗಟ್ಟಿದ ಕೈ. ಬೇರೆಯವರು ಅರೆದದ್ದು ಅವನಿಗೆ ಹಿಡಿಸಲ್ಲ. ಗಂಧ ಸರಿಯಾಗಿದೆಯೋ ಇಲ್ಲವೋ, ರಾಜ ಏನನ್ನುತ್ತಾನೋ ಅಂತ ದಿನವೂ ಹೆದರಿಕೊಂಡು ನಿಲ್ಲುತ್ತೇನೆ ಅನ್ನುತ್ತಾಳೆ. ಭೀಮ ಆ ಎರಡು ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ. ಕೊಲ್ಲುವ ಯೋಜನೆ ಆಮೇಲೆ. ಮೊದಲು ಅಳು.

ಷರತ್ತಿನಲ್ಲಿ ಕಾಲಿತ್ತು, ಎಂಜಲಿತ್ತು. ಗಂಧದಕಲ್ಲು ಇರಲಿಲ್ಲ.

ಸಂಜೆಮಲ್ಲಿಗೆ:
ಅಮ್ಮನ ಬೆರಳ ಸಂದಿಗಳು ಪಾತ್ರೆ ಸೋಪಿಗೆ ಬಿಳಿಚಿಕೊಂಡು ಬಿರಿಯುತ್ತಿದ್ದವು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುವುದು ನನ್ನ ಕೆಲಸ. ಇನ್ನು ಹೆಚ್ಚು ಬರೆಯಲ್ಲ.

ಹಾನಗಲ್ಲಿನವ:
ಬೈರಾಟವೋ ಹಾನಗಲ್ಲೋ ಬಿಡಿ, ನಿನ್ನೆಯಿಂದ ಇದನ್ನೇ ಓದುತ್ತಿದ್ದೇನೆ. ಕೀಚಕ ಸತ್ತ ಮೇಲೂ ಮುಗಿಯಲ್ಲ ಅಲ್ರೀ. ನರ್ತನಶಾಲೆಯಲ್ಲಿ ಅವನ ಹೆಣ ಸಿಕ್ಕ ಮೇಲೆ ಅವನ ಬಳಗದವರು ಇವಳಿಂದಲೇ ಸತ್ತ, ಇವಳನ್ನೂ ಜೊತೆಗೆ ಸುಡೋಣ ಅಂತ ಕಟ್ಟಿ ಹೊತ್ತೊಯ್ಯುತ್ತಾರೆ. ಅದಕ್ಕೆ ವಿರಾಟನ ಒಪ್ಪಿಗೆ ಬೇರೆ! ಭೀಮ ಮರ ಕಿತ್ತುಕೊಂಡು ಹೋಗಿ 105 ಉಪಕೀಚಕರನ್ನು ಹೊಡೆದು ಹಾಕಿದ ಮೇಲೆ ಅವಳು ಉಳಿದಳು.

ಊರಿನವರ ತೀರ್ಮಾನ ಏನು? ಈ ಹೆಂಗಸು ಅಪಾಯ, ಊರು ಬಿಡಿಸಿ. ರಾಜ ಹೆಂಡತಿಗೆ ಹೇಳುತ್ತಾನೆ, ಹೆಂಡತಿ ಇವಳಿಗೆ ಹೇಳುತ್ತಾಳೆ. ಇವಳು ಇನ್ನು 13 ದಿನ ಮಾತ್ರ ರಾಜ ತಾಳಲಿ ಅಂತ ಕೇಳಿಕೊಳ್ಳುತ್ತಾಳೆ. ಕೇಳಿಕೊಳ್ಳಬೇಕಾಗಿ ಬಂತಲ್ಲ ಅಂತ ನನಗೆ ಸಿಟ್ಟು.

ಬೀದಿಮರ:
ಇಷ್ಟು ದಿನ ಈ ಎರಡು ಕಥೆಗಳನ್ನು ನಾವು ಪಕ್ಕಪಕ್ಕ ಇಟ್ಟು ಯಾಕೆ ನೋಡಲಿಲ್ಲ?

ಗಮಕಿ ಮಗ:
ನಮಗೆ ನಳನ ಕಥೆ ಕನಕದಾಸರ ನಳಚರಿತ್ರೆಯಿಂದ ಬಂತು, ಸೈರಂಧ್ರಿ ಕುಮಾರವ್ಯಾಸನಿಂದ. ಎರಡೂ ಭಾಮಿನಿ ಷಟ್ಪದಿಯೇ. ಆದರೆ ಎರಡು ಪುಸ್ತಕ, ಎರಡು ಓದು. ನಳಚರಿತ್ರೆ ಅಂದರೆ ಹಂಸ, ಕಾರ್ಕೋಟಕ, ಕೊನೆಗೆ ಗಂಡ ಹೆಂಡತಿ ಸೇರಿದರು ಅನ್ನುವ ಸಂತೋಷ. ಚೇದಿಯ ಬಾಗಿಲಲ್ಲಿ ಅವಳು ಏನು ಹೇಳಿದಳು ಅನ್ನುವುದು ನಮ್ಮ ಮನೆಯಲ್ಲೂ ಯಾರಿಗೂ ನೆನಪಿರಲಿಲ್ಲ. ಇದು ನನ್ನ ಅನಿಸಿಕೆ ಅಷ್ಟೇ.

ತುಂಗೆ ದಂಡೆ:
ನಾನು ಇವತ್ತು ಗುಡಿಯಲ್ಲಿ ಅರ್ಥ ಹೇಳುವವರ ಹತ್ತಿರ ಇದನ್ನೆಲ್ಲ ಹೇಳಿದೆ. ಸುದೇಷ್ಣೆ ಕೊಟ್ಟದ್ದು ಎರಡೇ ಮಾತು, ಮೂರನೆಯದು ಕೊಡಲಿಲ್ಲ ಅಂತ. ಅವರು ಎಲೆಯಡಿಕೆ ಹಾಕಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ನಾಳೆ ಇದನ್ನು ಹೇಳ್ತೀನಿ ತಾಯಿ, ಆದ್ರೆ ನೀವು ಹೇಳಿದ್ರಿ ಅಂತ ಹೇಳಲ್ಲ ಅಂದರು. ಇರಲಿ ಬಿಡಿ.

ಸುಮ್ನೆ ಓದುವವ:
ಮಳೆ?

ತುಂಗೆ ದಂಡೆ:
ನಾಲ್ಕು ಹನಿ. ಓದು ಇನ್ನೂ ಉತ್ತರನ ಪೌರುಷಕ್ಕೆ ಬಂದಿಲ್ಲ, ನೋಡೋಣ.

ಸಂಜೆಮಲ್ಲಿಗೆ:
ಅಮ್ಮನಿಗೆ ಫೋನ್ ಮಾಡಿ ದ್ರೌಪದಿಯ ಷರತ್ತಿನ ಕಥೆ ಪೂರ್ತಿ ಹೇಳಿದೆ. ಮಧ್ಯದಲ್ಲಿ ಒಂದು ಮಾತೂ ಆಡಲಿಲ್ಲ. ಎಲ್ಲ ಕೇಳಿ ಆದ ಮೇಲೆ ಒಂದೇ ಪ್ರಶ್ನೆ. ಸಂಬಳ ಎಷ್ಟಂತೆ ಅಂದಳು. ನನಗೆ ಗೊತ್ತಾಗಲಿಲ್ಲ. ಇಲ್ಲಿ ಯಾರಿಗಾದರೂ ಗೊತ್ತಾ?

ಹಳೆಹೊತ್ತಿಗೆ:
ಸಂಬಳದ ಮಾತೇ ಇಲ್ಲ ತಾಯಿ. ಒಳ್ಳೆ ಊಟ, ಬಟ್ಟೆ ಎಲ್ಲಿ ಎಷ್ಟು ಸಿಗುತ್ತದೋ ಅಲ್ಲಿ ಅಷ್ಟು ದಿನ ಇರುತ್ತೇನೆ ಅಂತ ದ್ರೌಪದಿಯೇ ಹೇಳಿದ್ದಾಳೆ.

ಸಂಜೆಮಲ್ಲಿಗೆ:
ಹೇಳಿದೆ. ಅದಕ್ಕೇ ಕಣೇ ಕಳ್ಳು ತರೋಕೆ ಕಳಿಸಿದ್ದು ಅಂದಳು.